ಬೇಕರಿ ಎಜ್ರಪ್ಪನ ಹಬ್ಬಗಳು

ಸಾಗರದಿಂದ ಜೋಗಕ್ಕೆ ಹೋಗುವ ರಸ್ತೆಯಲ್ಲಿ, ದರ್ಜಿ ಕೆರಿಯಪ್ಪನ ಅಂಗಡಿಯ ಗೋಡೆಗೆ ಒತ್ತಿಕೊಂಡು ಎಜ್ರಪ್ಪನ ಬೇಕರಿ ಇತ್ತು. ಮುಂದೆ ಗಾಜಿನ ಬೀರು ಇಟ್ಟ ಪುಟ್ಟ ಅಂಗಡಿ, ನಡುವೆ ಎರಡು ಕೋಣೆಯ ಮನೆ, ಹಿಂದೆ ಇಟ್ಟಿಗೆಯ ಸೌದೆ ಭಟ್ಟಿ. ಬೆಳಗಿನ ಜಾವ ಅವನು ಭಟ್ಟಿಯ ಬಾಗಿಲು ತೆಗೆದರೆ ಬ್ರೆಡ್ಡಿನ ವಾಸನೆ ಕೆರಿಯಪ್ಪನ ಮನೆಯೊಳಗೆ ನುಗ್ಗುತ್ತಿತ್ತು. "ನಿನ್ನ ದೆಸೆಯಿಂದ ನಮ್ಮನೆ ಮಕ್ಳು ರೊಟ್ಟಿ ಮುಟ್ತಿಲ್ಲ ಮಾರಾಯ" ಎಂದು ಕೆರಿಯಪ್ಪ ಗೊಣಗುತ್ತಿದ್ದ. ಗೊಣಗುತ್ತಲೇ ಬನ್ನು ಕೊಂಡು ಹೋಗುತ್ತಿದ್ದ.

ಪೂರ್ತಿ ಹೆಸರು ಎಜ್ರ ಧರ್ಮಪ್ಪ. ಅಪ್ಪ ಧರ್ಮಪ್ಪ ಹೊಸನಗರದ ಕಡೆಯ ಗೇಣಿ ಒಕ್ಕಲು. ನಡುವಯಸ್ಸಿನಲ್ಲಿ ಕ್ರೈಸ್ತನಾಗಿ, ಹುಟ್ಟಿದ ಮಗನಿಗೆ ಸತ್ಯವೇದದಲ್ಲಿ ಹೆಸರು ಹುಡುಕಿ ಇಟ್ಟ. ಊರಿನವರ ನಾಲಿಗೆಗೆ ಬರೀ ಎಜ್ರ ಹಿಡಿಸಲಿಲ್ಲ; ಎಜ್ರಪ್ಪ ಆಯಿತು. ಅವನು ಶಿವಮೊಗ್ಗದ ಒಬ್ಬ ಮುದುಕ ಬೇಕರಿಯವನ ಕೈಕೆಳಗೆ ಕೆಲಸ ಕಲಿತು ಬಂದಿದ್ದ. ಬರುವಾಗ ಮುದುಕ ಕೊಟ್ಟಿದ್ದು ಬ್ರೆಡ್ಡು ಉಬ್ಬಿಸುವ ಒಂದು ಮುದ್ದೆ ಹುಳಿಹಿಟ್ಟು. ದಿನದ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದಿಟ್ಟು ಮರುದಿನದ ಹಿಟ್ಟಿಗೆ ಬೆರೆಸಬೇಕು, ಅದರಲ್ಲಿ ಮತ್ತೆ ಒಂದು ಹಿಡಿ ತೆಗೆದಿಡಬೇಕು. ಹಾಗೆ ಆ ಹುಳಿ ವರ್ಷಗಟ್ಟಲೆ ಅವನ ಮಣ್ಣಿನ ಗಡಿಗೆಯಲ್ಲಿ ಜೀವ ಹಿಡಿದುಕೊಂಡಿತ್ತು. ಸಾಗರದಲ್ಲಿ ಎಜ್ರಪ್ಪನ ಬ್ರೆಡ್ಡಿನ ರುಚಿ ಬೇರೆ ಎಂದು ಜನ ಹೇಳುತ್ತಿದ್ದರೆ ಅದು ಈ ಗಡಿಗೆಯ ಗುಣ.

ಹೆಂಡತಿ ಲುದ್ಯಮ್ಮ ತೀರ್ಥಹಳ್ಳಿಯವಳು. ದೊಡ್ಡವಳು ರೂತ, ಚಿಕ್ಕವನು ಯೆಶಾಯ. ಊರಿನ ಕ್ರೈಸ್ತ ಸಭೆ ಸಣ್ಣದು, ಹೆಂಚಿನ ಒಂದು ದೇವಾಲಯ, ಬೆರಳೆಣಿಕೆಯ ಮನೆಗಳು. ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಬಂದು ಆರಾಧನೆ ನಡೆಸುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಹಿರಿಯ ಜಯಪ್ಪ ಪ್ರಾರ್ಥನೆ ಮಾಡಿಸುತ್ತಿದ್ದ. ಹಾಡಿಗೆ ಶ್ರುತಿ ಹಿಡಿಯುವವನು ಎಜ್ರಪ್ಪ.

ಕ್ರಿಸ್ಮಸ್ಸೆಂದರೆ ಬೇಕರಿಗೆ ಸುಗ್ಗಿ. ಜೋಗದ ಇಂಜಿನಿಯರುಗಳ ಮನೆಗಳಿಗೆ, ಹೊಸನಗರ ತೀರ್ಥಹಳ್ಳಿಯ ಕ್ರೈಸ್ತರಿಗೆ, ಬಸ್ ಸ್ಟ್ಯಾಂಡಿನ ಸೀತಾರಾಮಪ್ಪನ ಹೋಟೆಲಿಗೆ, ಎಲ್ಲ ಕಡೆಗೂ ಅವನ ಕೇಕೇ ಹೋಗಬೇಕು. ಅರವತ್ತನೇ ಇಸವಿಯ ಡಿಸೆಂಬರಿನಲ್ಲಿ ಆ ಗಡಿಬಿಡಿಯ ನಡುವೆ ಯೆಶಾಯನಿಗೆ ಗಂಟಲು ನೋವು ಬಂತು. ನಾಲ್ಕು ವರ್ಷದ ಮಗು ಮೊದಲ ದಿನ ಊಟ ಬೇಡ ಎಂದಿತು, ಮರುದಿನ ಮಾತು ಬಿಟ್ಟಿತು.

ಲುದ್ಯಮ್ಮ ಭಟ್ಟಿಯ ಹತ್ತಿರ ಬಂದಳು. "ಉಸಿರು ತಗಳಕ್ಕೆ ಕಷ್ಟ ಪಡ್ತಾ ಅದೆ. ಆಸ್ಪತ್ರೆಗೆ ಹೋಗಾಣ."

"ಶೀತಕ್ಕೆ ಗಂಟ್ಲು ಕಟ್ಟಿರತ್ತೆ. ಬಿಸಿ ನೀರು ಕುಡಿಸು" ಎಂದ ಎಜ್ರಪ್ಪ. ಅವನ ಎರಡು ಕೈಗೂ ಹಿಟ್ಟು ಮೆತ್ತಿತ್ತು. "ಭಟ್ಟಿ ಕಾದಿದೆ. ಇಷ್ಟು ಕೇಕು ಹಿಂಗೇ ಬಿಟ್ಟು ಹ್ಯಾಗೆ ಬರ್ಲಿ? ಹಬ್ಬ ಒಂದು ಕಳೀಲಿ."

ಲುದ್ಯಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ನೀರು ಕಾಯಿಸಿದಳು.

ಹಬ್ಬ ಕಳೆಯುವವರೆಗೆ ಮಗು ಕಾಯಲಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ಮುಖ ನೀಲಿಗಟ್ಟಿತ್ತು. ಡಾಕ್ಟರು ಬಾಯಿ ತೆರೆಸಿ ನೋಡಿ, ಗಂಟಲಲ್ಲಿ ಪೊರೆ ಕಟ್ಟಿದೆ, ಎರಡು ದಿನ ಮೊದಲೇ ತರಬಾರದಿತ್ತೇ ಎಂದು ಗದರಿದರು. ಆಮೇಲೆ ಗದರಿದ್ದಕ್ಕೆ ತಾವೇ ನೊಂದವರಂತೆ ಎಜ್ರಪ್ಪನ ಹೆಗಲ ಮೇಲೆ ಕೈಯಿಟ್ಟರು. ಕ್ರಿಸ್ಮಸ್ಸಿನ ಬೆಳಿಗ್ಗೆ ಯೆಶಾಯ ತೀರಿಕೊಂಡ. ಸಭೆಯವರು ಆರಾಧನೆ ಮುಗಿಸಿ, ಹಬ್ಬಕ್ಕೆ ಉಟ್ಟ ಹೊಸ ಬಟ್ಟೆಯಲ್ಲೇ ಹೂಳಲು ಬಂದರು.

ದೇವರ ಚಿತ್ತವನ್ನು ನಾವು ಯಾಕೆಂದು ಕೇಳುವಂತಿಲ್ಲ ಎಂದರು ಅಯ್ಯನವರು. ಎಜ್ರಪ್ಪನಿಗೆ ಅದು ಸಾಲಲಿಲ್ಲ. ಕಾರಣವಿಲ್ಲದೆ ಹೀಗೆ ಆಗಲಾರದು ಎಂದು ಅವನ ಮನಸ್ಸು ಹಿಡಿದ ಹಟ ಬಿಡಲಿಲ್ಲ. ಮಧ್ಯಾಹ್ನ ಭಟ್ಟಿ ಆರುತ್ತಿರುವಾಗ ಅಪ್ಪನ ಹಳೆಯ ಸತ್ಯವೇದ ಮಡಿಲಲ್ಲಿಟ್ಟುಕೊಂಡು ಮೊದಲ ಪುಟದಿಂದ ಓದತೊಡಗಿದ. ಯಾರೂ ಮನಸ್ಸಿಟ್ಟು ಓದದ ಯಾಜಕಕಾಂಡಕ್ಕೆ ಬಂದಾಗ ಅವನ ಬೆರಳು ನಿಂತಿತು. ದೇವರು ಮೋಶೆಗೆ ತನ್ನ ಹಬ್ಬಗಳು ಯಾವುವು ಎಂದು ಒಂದೊಂದಾಗಿ ಹೇಳುವ ಭಾಗ ಅದು. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ನೆನಪಿನ ಪಸ್ಕ, ಹುಳಿಯಿಲ್ಲದ ರೊಟ್ಟಿಯ ಹಬ್ಬ, ಪ್ರಥಮಫಲ, ವಾರಗಳ ಹಬ್ಬ, ದೋಷಪರಿಹಾರದ ದಿನ, ಪರ್ಣಶಾಲೆಗಳ ಹಬ್ಬ. ಎಂದೆಂದಿಗೂ ಆಚರಿಸಬೇಕೆಂಬ ಅಪ್ಪಣೆ. ಅಲ್ಲಿ ಕ್ರಿಸ್ಮಸ್ ಇರಲಿಲ್ಲ. ಎಜ್ರಪ್ಪ ಕೊನೆಯ ಪುಟದವರೆಗೆ ಹುಡುಕಿದ. ಎಲ್ಲೂ ಇರಲಿಲ್ಲ.

ಅವನಿಗೆ ಕಾರಣ ಸಿಕ್ಕಿತ್ತು. ದೇವರು ಹೇಳಿದ ಹಬ್ಬಗಳನ್ನು ಬಿಟ್ಟು, ಹೇಳದ ಹಬ್ಬವೊಂದಕ್ಕೆ ತಾನು ಬೆಂಕಿ ಉರಿಸಿದ್ದ. ಅದರ ಫಲ ಇದು. ರೂತ ಇನ್ನೂ ಉಳಿದಿದ್ದಾಳೆ, ಅವಳನ್ನಾದರೂ ಕಾಯಬೇಕು.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ಅವನು ಕೆರಿಯಪ್ಪನ ಅಂಗಡಿಗೆ ಹೋಗಿ ಕೇಳಿದ. "ಕೆರಿಯಪ್ಪ, ಚೈತ್ರದ ಹುಣ್ಣಿಮೆ ಯಾವತ್ತು ಬತ್ತದೆ?"

ಕೆರಿಯಪ್ಪ ಹೊಲಿಗೆ ಯಂತ್ರದ ಗಾಲಿ ಹಿಡಿದು ನಿಲ್ಲಿಸಿದ. "ನಿಮ್ಮೋರಿಗೆ ಹುಣ್ಣಿಮೆ ಯಾಕೆ?"

"ಹಬ್ಬ ಅದೆ."

"ಯಾವ ಹಬ್ಬನಾ ನಾ ಕಾಣದ್ದು?" ಎನ್ನುತ್ತಲೇ ಕೆರಿಯಪ್ಪ ಗೋಡೆಗೆ ಸಿಕ್ಕಿಸಿದ್ದ ಪಂಚಾಂಗ ತೆಗೆದು ನೋಡಿ ಹೇಳಿದ. ವರ್ಷದ ಮೊದಲ ತಿಂಗಳ ಹುಣ್ಣಿಮೆಗೆ ಪಸ್ಕ. ಯೆಹೂದ್ಯರ ಪಂಚಾಂಗ ಸಾಗರದಲ್ಲಿ ಎಲ್ಲಿ ಸಿಗಬೇಕು? ಹೀಗೆ ಎಜ್ರಪ್ಪನ ದೇವರ ಹಬ್ಬಗಳು ಕೆರಿಯಪ್ಪನ ಪಂಚಾಂಗದ ಮೇಲೆ ನಿಂತವು.

ಹುಣ್ಣಿಮೆಯ ಹಿಂದಿನ ದಿನ ಅವನು ಮನೆಯ ಮೂಲೆಮೂಲೆ ಗುಡಿಸಿದ. ಬ್ರೆಡ್ಡಿನ ಚೂರು, ರಸ್ಕಿನ ಪುಡಿ ಏನೂ ಉಳಿಯದಂತೆ ಬೀರುವನ್ನು ಒರೆಸಿದ. ಕೊನೆಗೆ ಹುಳಿಯ ಗಡಿಗೆಯನ್ನು ಹಿತ್ತಲಿಗೆ ಒಯ್ದು ಬೂದಿಗುಂಡಿಗೆ ಬೋರಲು ಹಾಕಿದ.

"ಅದನ್ನ್ಯಾಕೆ ಚೆಲ್ಲಿದ್ರಿ?" ಲುದ್ಯಮ್ಮನ ದನಿ ಏರಿತು. "ನಾ ಬಂದಾಗಿಂದ ಸಾಕಿದ್ದು ಅದು. ನೀವು ಜ್ವರ ಬಂದು ಮಲಗಿದ್ದಾಗ್ಲೂ ನಾನೇ ಹಿಟ್ಟು ಬೆರೆಸಿ ಉಳಿಸಿದ್ದೆ."

"ಮನೇಲಿ ಹುಳಿ ಇರ್ಬಾರ್ದು ಅಂತ ಅಪ್ಪಣೆ ಅದೆ ಲುದ್ಯಾ. ಹೊಸತು ಮಾಡ್ಕಳಾಣ."

ಏಳು ದಿನ ಬೇಕರಿಯ ಬಾಗಿಲು ಹಾಕಿತ್ತು. ಲುದ್ಯಮ್ಮ ಕಾವಲಿಯ ಮೇಲೆ ಗೋಧಿಹಿಟ್ಟಿನ ತೆಳ್ಳಗಿನ ರೊಟ್ಟಿ ಸುಟ್ಟಳು. ಕಹಿ ಪಲ್ಯ ತಿನ್ನಬೇಕೆಂದು ಅವನು ಹೇಳಿದ್ದಕ್ಕೆ ಹಾಗಲದ ಕುಡಿ ಕೊಯ್ದು ಬೇಯಿಸಿದಳು. ರೂತ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು. ಎಜ್ರಪ್ಪ ಕಣ್ಣು ಮುಚ್ಚಿ ಪ್ರಾರ್ಥಿಸಿದ. ಮಗ ಹೋದ ಮೇಲೆ ಅವನ ಮುಖದಲ್ಲಿ ಅಷ್ಟು ನೆಮ್ಮದಿ ಕಂಡದ್ದು ಅದೇ ಮೊದಲು. ಅದನ್ನು ನೋಡಿ ಲುದ್ಯಮ್ಮ ಸುಮ್ಮನಾದಳು. ಬಾಗಿಲು ತೆಗೆದ ಮೇಲೆ ಹೊಸ ಹುಳಿ ಕಟ್ಟಿದ. ಬ್ರೆಡ್ಡು ಹಿಂದಿನಂತೆ ಉಬ್ಬಲಿಲ್ಲ. ಹೋಟೆಲಿನ ಸೀತಾರಾಮಪ್ಪ ತುಂಡು ಮುರಿದು ನೋಡಿ, "ಇದೆಂತ ಎಜ್ರಪ್ಪ, ಇಟ್ಟಿಗೆ ಇದ್ದಂಗೆ ಅದೆಯಲ್ಲ" ಎಂದ.

ಸುದ್ದಿ ಅಯ್ಯನವರ ಕಿವಿಗೆ ಬಿತ್ತು. ಮುಂದಿನ ಸಲ ಬಂದಾಗ ಅವರು ಬೇಕರಿಯ ಹಿಂದಿನ ಬೆಂಚಿನ ಮೇಲೆ ಕೂತು ಮಾತಾಡಿದರು. ಒಳ್ಳೆಯ ಮನುಷ್ಯ, ಏರುದನಿ ಗೊತ್ತಿಲ್ಲದವರು.

"ಎಜ್ರಪ್ಪ, ಆ ಹಬ್ಬಗಳೆಲ್ಲ ಮುಂದೆ ಬರಲಿದ್ದುದರ ನೆರಳು. ಕ್ರಿಸ್ತನೇ ನಮ್ಮ ಪಸ್ಕ. ನೆರಳು ಹಿಡ್ಕೊಂಡು ಕೂರಬೇಕಾಗಿಲ್ಲ."

"ಕರ್ತ ಯೇಸುವೇ ಪಸ್ಕ ಆಚರಿಸಿದ್ನಲ್ಲ ಅಯ್ಯನೋರೆ. ಪರ್ಣಶಾಲೆ ಹಬ್ಬಕ್ಕೂ ಹೋಗಿದ್ದ. ಕ್ರಿಸ್ಮಸ್ ಮಾಡಿ ಅಂತ ಎಲ್ಲಿ ಹೇಳಿದಾನೆ? ತೋರಿಸಿ."

ಅಯ್ಯನವರು ಬೆಂಚಿನಲ್ಲಿ ಅವನ ಕಡೆಗೆ ಸರಿದು, "ಮಗು ಹೋಗಿದ್ದು ರೋಗದಿಂದ. ಯಾವ ಹಬ್ಬದ ತಪ್ಪಿಂದಲೂ ಅಲ್ಲ. ನಿನ್ನ ಮೇಲೆ ದೇವರಿಗೆ ಸಿಟ್ಟಿಲ್ಲ" ಎಂದರು.

ಸಮಾಧಾನವಾಗಲೆಂದು ಹೇಳಿದ ಮಾತು ಅದು. ಎಜ್ರಪ್ಪನ ಮುಖ ಬಿಗಿಯಿತು. ದೇವರಿಗೆ ಸಿಟ್ಟಿಲ್ಲದೆ ಮಗು ಸತ್ತಿತೆಂದರೆ ಮತ್ತೆ ಯಾತಕ್ಕೆ ಸತ್ತಿತು? ಆ ಪ್ರಶ್ನೆಯ ಮುಂದೆ ನಿಲ್ಲುವ ಶಕ್ತಿ ಅವನಲ್ಲಿರಲಿಲ್ಲ. ಎದ್ದು ಭಟ್ಟಿಗೆ ಸೌದೆ ತುಂಬಿದ.

ಆ ಡಿಸೆಂಬರಿನಲ್ಲಿ ಕೇಕಿಗೆ ಹೇಳಲು ಬಂದವರನ್ನೆಲ್ಲ ವಾಪಸು ಕಳಿಸಿದ. ಹಿರಿಯ ಜಯಪ್ಪನಿಗೆ ಇದು ಸಭೆಗೆ ಮಾಡಿದ ಅವಮಾನವೆನಿಸಿತು. ಒಂದು ಭಾನುವಾರ ಎಲ್ಲರೆದುರು ಕೇಳಿಯೇಬಿಟ್ಟ. "ನಾವೆಲ್ಲ ಹಂಗಾದ್ರೆ ಅನ್ಯರೇನಾ? ನೀನೊಬ್ಬನೇ ದೇವರ ಮಗನಾ?" ಎಜ್ರಪ್ಪ ಎದ್ದು ಹೊರಗೆ ಬಂದ. ಮತ್ತೆ ಆ ಬಾಗಿಲು ತುಳಿಯಲಿಲ್ಲ. ಲುದ್ಯಮ್ಮ ಕೆಲವು ವಾರ ರೂತಳ ಕೈ ಹಿಡಿದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದಳು. ಹೆಂಗಸರು ಕನಿಕರದಿಂದ ವಿಚಾರಿಸುವುದನ್ನು ತಡೆಯಲಾಗದೆ ಅವಳೂ ನಿಲ್ಲಿಸಿದಳು. ಕ್ರಿಸ್ಮಸ್ಸಿನ ದಿನ ಯೆಶಾಯನ ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚಬೇಕೆಂದು ಅವಳಿಗೆ ಆಸೆಯಿತ್ತು. "ಬೇರೆ ಯಾವ ದಿನವಾದ್ರೂ ಹೋಗು. ಆ ದಿನ ಬೇಡ" ಎಂದ ಎಜ್ರಪ್ಪ.

"ಅವನು ಹೋಗಿದ್ದು ಆ ದಿನ. ಬೇರೆ ದಿನ ಹ್ಯಾಗೆ ಹೋಗ್ಲಿ?" ಎಂದಳು. ಆದರೂ ಹೋಗಲಿಲ್ಲ.

ಹಬ್ಬಗಳನ್ನು ಹಿಡಿದ ಮೇಲೆ ಎಜ್ರಪ್ಪನಿಗೆ ಅವುಗಳ ಕಷ್ಟ ತಿಳಿಯಿತು. ಅವು ಬೇರೆ ಮಣ್ಣಿನ ಹಬ್ಬಗಳು. ಪಸ್ಕದ ವಾರ ಮೊದಲ ತೆನೆಯ ಸಿವುಡನ್ನು ದೇವರಿಗೆ ಅರ್ಪಿಸಬೇಕು. ಇಲ್ಲಿ ಆಗ ಗದ್ದೆಯಲ್ಲಿ ಒಣಗಿದ ಕೂಳೆ ಬಿಟ್ಟರೆ ಏನಿದೆ? ವಾರಗಳ ಹಬ್ಬ ಕೊಯ್ಲಿನ ಹಬ್ಬ. ಇಲ್ಲಿ ಆಗ ಜನ ಮಳೆ ನೋಡಿಕೊಂಡು ಬೀಜ ಬಿತ್ತುವ ಹೊತ್ತು. ಮನೆಯ ಚೀಲದಲ್ಲಿ ಉಳಿದಿದ್ದ ಹಳೆಯ ಭತ್ತವನ್ನೇ ಒಂದು ಹಿಡಿ ಎತ್ತಿ ಅರ್ಪಿಸುವನು. ಆಮೇಲೆ ಇದು ಸಲ್ಲುತ್ತದೋ ಇಲ್ಲವೋ ಎಂದು ವಾರಗಟ್ಟಲೆ ಕೊರಗುವನು.

ಜೊತೆಗೆ ಬಂದವನು ಒಬ್ಬನೇ, ಮಾಸ್ತಪ್ಪ. ಹೊಸನಗರದ ರಸ್ತೆ ಕೆಲಸದ ಗ್ಯಾಂಗಿನವನು, ಅದೇ ಸಭೆಯವನು. ಅವನ ಹೆಂಡತಿ ಹಾಲಮ್ಮ ಬಹಳ ದಿನದಿಂದ ಎದೆಯ ಕಾಯಿಲೆಯಲ್ಲಿ ಮಲಗಿದ್ದಳು. ಔಷಧಿ, ಹರಕೆ, ಪ್ರಾರ್ಥನೆ ಎಲ್ಲ ಮುಗಿದಿತ್ತು. ಎಜ್ರಪ್ಪ ಹೇಳಿದ್ದರಲ್ಲಿ ಅವನಿಗೊಂದು ದಾರಿ ಕಂಡಿತು. ಪರ್ಣಶಾಲೆಗಳ ಹಬ್ಬಕ್ಕೆ ಇಬ್ಬರೂ ಸೇರಿ ಬೇಕರಿಯ ಹಿತ್ತಲಲ್ಲಿ ಗುಡಿಸಲು ಕಟ್ಟಿದರು. ಸತ್ಯವೇದ ಹೇಳುವ ಖರ್ಜೂರದ ಗರಿಗೆ ಬದಲು ಈಚಲ ಗರಿ, ನೀರಂಚಿನಲ್ಲಿ ಬೆಳೆಯುವ ನೀರವಂಜಿ ಮರಕ್ಕೆ ಬದಲು ಹೊಳೆ ಬದಿಯ ಯಾವುದೋ ಗಿಡದ ಕೊಂಬೆ. ಏಳು ದಿನ ಅದರೊಳಗೇ ಇರಬೇಕು. ಹಿಂಗಾರು ಸುರಿದು ಗರಿಯ ನಡುವಿನಿಂದ ನೀರು ಇಳಿಯಿತು. ಹಾಲಮ್ಮನನ್ನೂ ಕರೆತಂದಿದ್ದ ಮಾಸ್ತಪ್ಪ ತನ್ನ ಕಂಬಳಿಯನ್ನು ಅವಳ ತಲೆಯ ಮೇಲೆ ಹಿಡಿದು ಕೂತಿದ್ದ.

"ಒಳಗೆ ಬನ್ನಿ ಹಾಲಮ್ಮ, ಬೆಚ್ಚಗೆ ಮಲಗಿ" ಎಂದು ಲುದ್ಯಮ್ಮ ಕರೆದಳು.

ಹಾಲಮ್ಮ ಕೆಮ್ಮುತ್ತ ನಕ್ಕಳು. "ಬೇಡ ಅಮ್ಮಾ. ಅವ್ರು ಇಷ್ಟು ಆಸೆ ಇಟ್ಕಂಡಾರೆ."

ಕಾರ್ತಿಕದ ಚಳಿ ಶುರುವಾಗುವ ಮೊದಲೇ ಹಾಲಮ್ಮ ಹೋದಳು. ಮಾಸ್ತಪ್ಪ ಸಿಟ್ಟು ಮಾಡಲಿಲ್ಲ. ಬೇಕರಿಗೆ ಬಂದು ಬಾಗಿಲಲ್ಲೇ ನಿಂತು, "ಎಜ್ರಣ್ಣ, ನಾವು ಮಾಡಿದ ದಿನವೇ ತಪ್ಪೋ ಎಂತದೋ" ಎಂದಷ್ಟೇ ಹೇಳಿ ಹೋದ. ಆಮೇಲೆ ಅವನು ಯಾವ ಹಬ್ಬಕ್ಕೂ ಬರಲಿಲ್ಲ.

ಆ ಮಾತು ಎಜ್ರಪ್ಪನ ತಲೆಯಲ್ಲಿ ಹುಳುವಿನಂತೆ ಸೇರಿಕೊಂಡಿತು. ದಿನ ತಪ್ಪಿದ್ದರೆ? ಅದರ ಮೇಲೆ ಒಂದು ವರ್ಷ ಚೈತ್ರವೇ ಅಧಿಕಮಾಸವಾಗಿ ಬಂತು. ಕೆರಿಯಪ್ಪ ಪಂಚಾಂಗ ತಿರುವಿ ಹಾಕಿ ಹೇಳಿದ. "ಈ ಸಲ ಎರಡು ಚೈತ್ರ ಮಾರಾಯ. ಒಂದು ಅಧಿಕ, ಒಂದು ನಿಜ."

"ನಂದು ಯಾವುದು?"

"ನಿನ್ನ ದೇವ್ರ ಲೆಕ್ಕ ನಂಗೆ ಹ್ಯಾಗೆ ಗೊತ್ತು? ನಮ್ಮಲ್ಲಿ ಅಧಿಕದಲ್ಲಿ ಶುಭ ಕೆಲ್ಸ ಇಲ್ಲ. ನಿಮ್ಮಲ್ಲಿ ಎಂತ ಮಾಡ್ತಾರೋ."

ಎಜ್ರಪ್ಪನಿಗೆ ಕೇಳಲು ಬೇರೆ ಯಾರೂ ಇರಲಿಲ್ಲ. ಒಂದು ತಪ್ಪಿದರೂ ಇನ್ನೊಂದು ಸರಿಯಾಗಲಿ ಎಂದು ಎರಡು ಹುಣ್ಣಿಮೆಗೂ ಪಸ್ಕ ಮಾಡಿದ. ಎರಡು ಸಲ ಹುಳಿ ಚೆಲ್ಲಿದ, ಎರಡು ವಾರ ಬೇಕರಿ ಮುಚ್ಚಿದ. ಬೇಸಿಗೆ ರಜೆಯಲ್ಲಿ ಜೋಗ ನೋಡಲು ಬಸ್ಸು ಬಸ್ಸಾಗಿ ಜನ ಬರುವ ಕಾಲ. ಸೀತಾರಾಮಪ್ಪ ತಾನೇ ಬಂದು ಬಾಗಿಲು ತಟ್ಟಿದ. "ನಿನ್ನ ದೇವ್ರಿಗೆ ನಾ ಅಡ್ಡ ಬರಲ್ಲ ಎಜ್ರಪ್ಪ. ಆದ್ರೆ ಬಂದ ಗಿರಾಕಿಗೆ ನಾನೇನು ಕೊಡ್ಲಿ? ಯಾವತ್ತು ಇರತ್ತೆ ಯಾವತ್ತು ಇಲ್ಲ ಅಂತ ಗೊತ್ತಿಲ್ದೆ ಹೋಟ್ಲು ನಡ್ಸಕ್ಕೆ ಆಗಲ್ಲ." ಮಳೆ ಹಿಡಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಎದುರು ಇನ್ನೊಂದು ಬೇಕರಿ ಎದ್ದಿತ್ತು. ಅದು ವರ್ಷವಿಡೀ ತೆರೆದಿರುತ್ತಿತ್ತು.

ಆ ವರ್ಷದ ದೋಷಪರಿಹಾರದ ದಿನ ಮೂವರೂ ಉಪವಾಸವಿದ್ದರು. ರೂತ ಹೈಸ್ಕೂಲಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಹಸಿವಿನಿಂದ ಗೋಡೆಗೊರಗಿ ಕೂತಿದ್ದಳು. ಮಧ್ಯಾಹ್ನ ಎಜ್ರಪ್ಪ ಹೆಂಡತಿ ಮಗಳನ್ನು ಎದುರು ಕೂರಿಸಿಕೊಂಡು, ಈ ದಿನ ಪ್ರತಿಯೊಬ್ಬರೂ ತಮ್ಮ ಪಾಪವನ್ನು ಬಾಯಿಬಿಟ್ಟು ಹೇಳಬೇಕು ಎಂದ. ತಾನೇ ಮೊದಲು ಹೇಳಿದ. ದೇವರ ಹಬ್ಬಗಳನ್ನು ಇಷ್ಟು ವರ್ಷ ಅಸಡ್ಡೆ ಮಾಡಿದ್ದು, ದಿನಗಳ ಲೆಕ್ಕ ತಪ್ಪಿದ್ದು, ಮನಸ್ಸಿನಲ್ಲಿ ಸಂಶಯಪಟ್ಟದ್ದು. ಆಮೇಲೆ, "ನೀನು ಹೇಳು ಲುದ್ಯಾ" ಎಂದ.

ಲುದ್ಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ನಂದು ಒಂದೇ ಪಾಪ. ಅವತ್ತು ಹಬ್ಬ ಕಳೀಲಿ ಅಂತ ನೀವು ಅಂದ್ರಿ, ನಾನು ಸುಮ್ನೆ ನೀರು ಕಾಯ್ಸಕ್ಕೆ ಹೋದೆ. ಮಗೂನ ಎತ್ಕಂಡು ಒಬ್ಳೇ ಹೋಗ್ಬೇಕಿತ್ತು. ಆಸ್ಪತ್ರೆ ಎಷ್ಟು ದೂರ ಇತ್ತು? ನಡ್ಕಂಡು ಹೋಗಬೋದಿತ್ತು."

ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು.

"ನೀವು ಹಬ್ಬದ ಮೇಲೆ ಹಾಕ್ತೀರಿ, ದಿನದ ಮೇಲೆ ಹಾಕ್ತೀರಿ. ನಂಗೆ ಯಾರ ಮೇಲೆ ಹಾಕ್ಲಿ ಅಂತ ಗೊತ್ತಾಗ್ಲಿಲ್ಲ. ಇಷ್ಟು ವರ್ಷ ನೀವು ಹೇಳ್ದಂಗೆ ಕೇಳ್ದೆ. ಈ ರೊಟ್ಟಿ ತಿಂದ್ರೆ, ಆ ಗುಡಿಸ್ಲಲ್ಲಿ ಕೂತ್ರೆ, ಅವನೇನು ಎದ್ದು ಬತ್ತಾನಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ತಾಗಿತು. ರೂತ ಅಳಲು ಶುರುಮಾಡಿದಳು. ಎಜ್ರಪ್ಪ ಎದ್ದು ಹಿತ್ತಲಿಗೆ ಹೋಗಿ, ಬೆಂಕಿಯಿಲ್ಲದ ಭಟ್ಟಿಯ ಎದುರು ಕತ್ತಲಾಗುವವರೆಗೆ ಕೂತ.

ಮುಂದಿನ ವಾರ ಲುದ್ಯಮ್ಮ ಮಗಳನ್ನು ಕರೆದುಕೊಂಡು ತೀರ್ಥಹಳ್ಳಿಗೆ, ಅಕ್ಕನ ಮನೆಗೆ ಹೊರಟಳು. ಜಗಳವಾಗಲಿಲ್ಲ. "ರೂತಳ ಓದು ಮುಗೀಲಿ. ಅಲ್ಲಿ ಸಭೆಯೋರು ಅದಾರೆ" ಎಂದಳು. ಎಜ್ರಪ್ಪ ಬಸ್ಸಿನ ಮೇಲೆ ಟ್ರಂಕು ಹತ್ತಿಸಿಕೊಟ್ಟ. ಕೆಲವು ದಿನಗಳ ಮಟ್ಟಿಗೆ ಎಂದು ಇಬ್ಬರೂ ಅಂದುಕೊಂಡಂತೆ ಮಾತಾಡಿದರು. ಅವಳು ಮರಳಲಿಲ್ಲ.

ಆ ಸಲ ಅವನೊಬ್ಬನೇ ಗುಡಿಸಲು ಕಟ್ಟಿ ಏಳು ದಿನ ಕೂತ. ಸಂತೋಷದಿಂದಿರಬೇಕೆಂಬ ಅಪ್ಪಣೆ ಆ ಹಬ್ಬಕ್ಕಿದೆ. ಅದೊಂದನ್ನು ಹೇಗೆ ಪಾಲಿಸಬೇಕೋ ಅವನಿಗೆ ತಿಳಿಯಲಿಲ್ಲ. ಸಂಜೆ ಕೆರಿಯಪ್ಪ ಬೇಲಿಯ ಆಚೆಯಿಂದ ಗಂಜಿಯ ಪಾತ್ರೆ ನೀಡಿ, "ಒಳಗೆ ಬಾರಾ, ನೆನೆದು ಸಾಯ್ತೀಯ" ಎನ್ನುತ್ತಿದ್ದ. ಎಜ್ರಪ್ಪ ಗಂಜಿ ಕುಡಿದು ಪಾತ್ರೆ ತೊಳೆದು ಕೊಡುತ್ತಿದ್ದ.

ಗಿರಾಕಿಗಳಿಲ್ಲದೆ ಮತ್ತೊಂದು ವರ್ಷ ಕಳೆದು ಬೇಕರಿ ಮುಚ್ಚಿತು. ಗಾಜಿನ ಬೀರುವನ್ನು ಬಸ್ ಸ್ಟ್ಯಾಂಡಿನ ಬೇಕರಿಯವನೇ ಕೊಂಡ. ಎಜ್ರಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ರಿಪ್ಪನ್‌ಪೇಟೆಯಲ್ಲಿ ಭೂತಪ್ಪ ಎಂಬುವನ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ. ಭೂತಪ್ಪ ಕೆಟ್ಟವನಲ್ಲ. ಮೊದಲ ದಿನವೇ ಹೇಳಿದ. "ನಿನ್ನ ಹಬ್ಬದ ಸುದ್ದಿ ಕೇಳಿದೀನಿ. ಇಲ್ಲಿ ಅದೆಲ್ಲ ನಡೆಯಲ್ಲ. ದಿನಾ ಭಟ್ಟಿ ಉರೀಬೇಕು."

ಎಜ್ರಪ್ಪ ಹೂಂ ಎಂದ. ಚೈತ್ರದ ಹುಣ್ಣಿಮೆ ಬಂತು. ಅವತ್ತೂ ಎಂದಿನಂತೆ ಹುಳಿ ಬೆರೆಸಿ ಹಿಟ್ಟು ನಾದಿದ. ಸಿಡಿಲು ಬೀಳಲಿಲ್ಲ, ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ ಭೂತಪ್ಪ ಹೇಳಿದಷ್ಟು ಕೇಕು ಸುಟ್ಟು ಇಳಿಸಿದ. ಒಂದು ಕಾಲಕ್ಕೆ ತನ್ನ ಕೇಕಿಗೆ ಕಾಯುತ್ತಿದ್ದ ಹೊಸನಗರದ ಮನೆಗಳಿಗೇ ಅವು ಹೋಗುತ್ತವೆಂದು ಅವನಿಗೆ ಗೊತ್ತಿತ್ತು. ಆಗಲೂ ಏನೂ ಆಗಲಿಲ್ಲ. ದೇವರು ಈ ಹಬ್ಬವನ್ನೂ ಕೇಳುವುದಿಲ್ಲ, ಆ ಹಬ್ಬವನ್ನೂ ಕೇಳುವುದಿಲ್ಲ ಎಂಬುದು ಅವನಿಗೆ ಹೊಳೆದದ್ದು ಆ ಬೇಕರಿಯ ಸೆಕೆಯಲ್ಲಿ. ಅಪ್ಪನ ಸತ್ಯವೇದ ಟ್ರಂಕಿನ ತಳದಲ್ಲಿ ಉಳಿಯಿತು.

ಅರವತ್ತೆಂಟರಲ್ಲಿ ರೂತಳ ಮದುವೆ ತೀರ್ಥಹಳ್ಳಿಯ ಶಾಲಾ ಮಾಸ್ತರನೊಬ್ಬನೊಡನೆ ಆಯಿತು. ಎಜ್ರಪ್ಪ ಹಿಂದೆ ನಿಂತು ನೋಡಿ ಬಂದ. ಮರುವರ್ಷದ ಈಸ್ಟರಿಗೆ ಬರಲೇಬೇಕೆಂದು ರೂತ ಹಟ ಹಿಡಿದು ಹೇಳಿ ಕಳಿಸಿದಳು. ಭೂತಪ್ಪನಿಂದ ಒಂದು ದಿನದ ರಜೆ ಕೇಳಿಕೊಂಡು ಬೆಳಗಿನ ಬಸ್ಸಿಗೆ ಹೋದ. ಆರಾಧನೆಗೆ ಮಗಳ ಪಕ್ಕದಲ್ಲೇ ಕೂತ. ಎಲ್ಲರೂ ಎದ್ದಾಗ ಎದ್ದ, ಕೂತಾಗ ಕೂತ. ಹಾಡು ಶುರುವಾದಾಗ ರೂತ ಪುಸ್ತಕವನ್ನು ಅವನ ಕಡೆಗೆ ವಾಲಿಸಿದಳು. ಒಂದು ಕಾಲಕ್ಕೆ ಸಭೆಗೆಲ್ಲ ಶ್ರುತಿ ಕೊಡುತ್ತಿದ್ದವನ ಬಾಯಿಂದ ದನಿ ಹೊರಡಲಿಲ್ಲ.

ಮಧ್ಯಾಹ್ನ ಲುದ್ಯಮ್ಮ ಬಡಿಸಿದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಳಿಯ ಹೊರಗೆ ಯಾರನ್ನೋ ಕಳಿಸಿಕೊಡಲು ಹೋಗಿದ್ದ, ರೂತ ಅಡಿಗೆಮನೆಯಲ್ಲಿದ್ದಳು. ಎಜ್ರಪ್ಪ ಎಲೆಯ ಮೇಲಿನ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಮಾಡುತ್ತ, "ಲುದ್ಯಾ, ಅವತ್ತು ನಾನು..." ಎಂದು ಶುರುಮಾಡಿದ.

"ಬೇಡ" ಎಂದಳು ಲುದ್ಯಮ್ಮ. ಸೌಟನ್ನು ಪಾತ್ರೆಯಲ್ಲಿಟ್ಟಳು. "ಈಗ ಹೇಳಿ ಎಂತ ಪ್ರಯೋಜನ? ನಂಗೆ ಕೇಳುವ ಶಕ್ತಿ ಇಲ್ಲ. ಉಣ್ಣಿ."

ಅವನು ಉಂಡ. ಕೈ ತೊಳೆದು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತ. ಉಳಿದುಕೊಳ್ಳಿ ಅಪ್ಪಾ ಎಂದಳು ರೂತ. ನಾಳೆಯ ಹಿಟ್ಟು ಇವತ್ತೇ ನಾದಬೇಕು ಎಂದ. ಲುದ್ಯಮ್ಮ ಬಾಗಿಲ ತನಕ ಬಂದು ನಿಂತಳು, ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ಮಧ್ಯಾಹ್ನದ ಬಸ್ಸು ಹೊಸನಗರದ ದಾರಿಯಲ್ಲಿ ರಿಪ್ಪನ್‌ಪೇಟೆಗೆ ಹೊರಟಿತು. ಎಜ್ರಪ್ಪ ಹಿಂದಿನ ಸೀಟಿನಲ್ಲಿ ಜಾಗ ಹಿಡಿದು, ಟಿಕೇಟು ಹರಿಸಿಕೊಂಡು, ಕಿಟಕಿಯ ಕಡೆಗೆ ತಿರುಗಿ ಕೂತ.